ಕಡಲಿಲ್ಲದ ಊರಲ್ಲಿ ಕಡಲಗಾಳದ ತಯಾರಿ

ಹೈದರಾಬಾದಿನಲ್ಲಿ ಎಲ್ಲ ಸಿಗುತ್ತದೆ, ಕಡಲೊಂದನ್ನು ಬಿಟ್ಟು. ಅತಿ ಹತ್ತಿರದ ಸಮುದ್ರ ನೋಡಬೇಕೆಂದರೂ ಬಾಪಟ್ಲ ಕಡೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಅಂಥ ಊರಲ್ಲಿ ಕೂತು, ಒಮಾನ್ ದೇಶದ ದಕ್ಷಿಣ ತುದಿಯ ಕಡಲತೀರದಲ್ಲಿ ಆರು ದಿನ ನಿಂತು ಗಾಳ ಹಾಕಲು ನಾವು ಮೂವರು ಗೆಳೆಯರು ಜೂನ್‌ನಿಂದ ತಯಾರಿ ಮಾಡುತ್ತಿದ್ದೇವೆ. ಹೊರಡುವುದು ಜನವರಿಯಲ್ಲಿ. ಹೇಳಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: 'ಮೀನು ಹಿಡಿಯೋಕೆ ವಿಮಾನದಲ್ಲಿ ಹೋಗಬೇಕಾ?' ಎರಡನೆಯದು: 'ತಂದ ಮೀನು ಕಸ್ಟಮ್ಸ್‌ನವರು ಬಿಡ್ತಾರಾ?' ಹಿಡಿದದ್ದನ್ನು ಅಲ್ಲೇ ಬಿಟ್ಟು ಬರುತ್ತೇವೆ ಎಂದ ಮೇಲೆ ಮೂರನೇ ಪ್ರಶ್ನೆ ಬರುವುದಿಲ್ಲ, ಬರೀ ಒಂದು ನೋಟ ಬರುತ್ತದೆ.

ನಾವು ಮಾಡಹೊರಟಿರುವುದು ಫ್ಲೈ ಫಿಶಿಂಗ್. ಸಾಮಾನ್ಯ ಗಾಳದಲ್ಲಿ ತೂಕ ಇರುವುದು ತುದಿಯ ಸೀಸದ ಗುಂಡಿನಲ್ಲಿ. ಗುಂಡು ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈನಲ್ಲಿ ಉಲ್ಟಾ. ತುದಿಯಲ್ಲಿರುವುದು ಕೂದಲು, ಪುಕ್ಕ, ದಾರ ಸುತ್ತಿ ಏಡಿಯಂತೆಯೋ ಸಣ್ಣ ಮೀನಿನಂತೆಯೋ ಮಾಡಿದ ಕೊಕ್ಕೆ. ಅದಕ್ಕೆ ಲೆಕ್ಕಕ್ಕೆ ಸಿಗುವ ತೂಕವೇ ಇಲ್ಲ. ತೂಕ ಇರುವುದು ದಪ್ಪನೆಯ ಪ್ಲಾಸ್ಟಿಕ್ ಲೇಪದ ಲೈನಿನಲ್ಲಿ. ಈ ಲೈನುಗಳಿಗೆ ನಂಬರು ಇರುತ್ತದೆ. ನಮ್ಮದು 9ನೇ ನಂಬರು, ಅಂದರೆ ಮೊದಲ 30 ಅಡಿಯ ತೂಕ 240 ಗ್ರೇನ್, ಸುಮಾರು ಹದಿನೈದೂವರೆ ಗ್ರಾಂ. ಈ ಹದಿನೈದು ಗ್ರಾಂ ಹಗ್ಗವನ್ನು ಒಂಬತ್ತು ಅಡಿಯ ಕೋಲಿನಿಂದ ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಾಳಿ, ಆಮೇಲೆ ಮುಂದಕ್ಕೆ ಬೀಸಬೇಕು. ಕಷ್ಟ ಇರುವುದು ಬೀಸುವುದರಲ್ಲಲ್ಲ, ಆ ತಾಳ್ಮೆಯ ಅರ್ಧ ಸೆಕೆಂಡಿನಲ್ಲಿ.

ಒಮಾನೇ ಯಾಕೆ? ಕರ್ನಾಟಕದವರಿಗೆ ಗಾಳದ ಆಟ ಹೊಸದೇನಲ್ಲ. 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ, ಭಾರತದ ಗಾಳಗಾರಿಕೆಗೆ ಬುನಾದಿಯಂಥ ಪುಸ್ತಕ ಅಚ್ಚಾದದ್ದು ಮಂಗಳೂರಿನಲ್ಲಿ. ಬರೆದವರು ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಎಂದರೆ 54 ಕಿಲೋ ಮಹಶೀರ್ ಹಿಡಿದ ದಾಖಲೆಯನ್ನು ಗಾಳ ಹಿಡಿದವರೆಲ್ಲ ಇಂದಿಗೂ ಹೇಳುತ್ತಾರೆ. ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆ ಕ್ಯಾಂಪುಗಳಿಗೆ ಕಾವೇರಿಯ ಮಹಶೀರ್‌ಗಾಗಿ ವಿದೇಶದಿಂದ ಜನ ಬರುತ್ತಿದ್ದರು. ಆ ದಂಡೆ ಅಭಯಾರಣ್ಯದೊಳಗೆ ಇರುವುದರಿಂದ 2010ರ ನಂತರದ ವರ್ಷಗಳಲ್ಲಿ ಅಲ್ಲಿ ಗಾಳ ನಿಂತಿತು. ಕಾವೇರಿಯ ಆ ಗೂನುಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅದನ್ನು ಬಿಟ್ಟುಬಿಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಹಿರಿಯ ಗಾಳಗಾರರೂ ಇದ್ದಾರೆ. ಗಾಳದವರು ದಂಡೆಯಲ್ಲಿದ್ದರೆ ಡೈನಮೈಟ್ ಹಾಕುವವರು ದೂರ ಇರುತ್ತಿದ್ದರು ಎನ್ನುವ ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಇನ್ನು ಒಮಾನಿನ ಧೋಫಾರ್ ಪ್ರಾಂತ್ಯ. ಹೈದರಾಬಾದಿನಿಂದ ಮಸ್ಕತ್‌ಗೆ ನೇರ ವಿಮಾನವಿದೆ, ಅಲ್ಲಿಂದ ಸಲಾಲಾಕ್ಕೆ ಇನ್ನೊಂದು. ಸಲಾಲಾದಿಂದ ಪೂರ್ವಕ್ಕೆ ಸುಮಾರು 70 ಕಿ.ಮೀ. ಹೋದರೆ ಮಿರ್ಬಾತ್, ಅದರಾಚೆ ಹಾಸಿಕ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಖರೀಫ್. ನಮ್ಮ ಮಲೆನಾಡಿಗೆ ಮಳೆ ತರುವ ಅದೇ ನೈಋತ್ಯ ಮಾರುತ ಅಲ್ಲಿನ ಕಡಲನ್ನು ಕಡೆದು, ತಳದ ತಣ್ಣನೆಯ ನೀರನ್ನು ಮೇಲೆ ತರುತ್ತದೆ. ಆ ನೀರಿನಲ್ಲಿ ಗೊಬ್ಬರದಂಥ ಪೋಷಕಾಂಶ. ಅದನ್ನು ನಂಬಿ ಪಾಚಿ, ಪಾಚಿಯನ್ನು ನಂಬಿ ಬೈಗೆ, ಬೈಗೆಯನ್ನು ನಂಬಿ ದೊಡ್ಡ ಮೀನು. ಅಲ್ಲಿಯವರು ಬೈಗೆಯನ್ನು ದಂಡೆಯಲ್ಲಿ ಒಣಗಿಸಿ ಒಂಟೆಗಳಿಗೆ ತಿನ್ನಿಸುತ್ತಾರೆ. ನಾವು ತೆಂಗಿನ ಬುಡಕ್ಕೆ ಹಾಕುವ ಮೀನನ್ನು ಅವರು ಒಂಟೆಯ ಬಾಯಿಗೆ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಮಾರುತ ಮುಗಿದ ಮೇಲೆ ಕಡಲು ತಿಳಿಯಾಗುತ್ತದೆ. ಆಗ ತೀರದ ಬಂಡೆಗಳ ಹತ್ತಿರ ಏಡಿ, ಚಿಪ್ಪುಜೀವಿ ಹುಡುಕುತ್ತಾ ಬರುವುದು ಪರ್ಮಿಟ್ ಎಂದು ಕರೆಯುವ ಮೀನು, ವೈಜ್ಞಾನಿಕವಾಗಿ ಟ್ರಾಕಿನೋಟಸ್ ಆಫ್ರಿಕಾನಸ್. ನೋಡಲು ನಮ್ಮ ಮಾಂಜಿಯ ದೊಡ್ಡಣ್ಣನಂತೆ, ಬಾಲ ಮಾತ್ರ ಕತ್ತರಿಯಂತೆ. ಅನುಮಾನದ ಪ್ರಾಣಿ. ಮುಂದೆ ಬಿದ್ದ ಏಡಿಯನ್ನು ನೋಡಿ, ಯೋಚಿಸಿ, ಹೆಚ್ಚಿನ ಸಲ ಬೇಡವೆಂದು ಹೋಗಿಬಿಡುತ್ತದಂತೆ. ಆರು ದಿನದಲ್ಲಿ ಒಂದೂ ಸಿಗದೆ ಬರುವವರೇ ಜಾಸ್ತಿ ಎಂದು ಹೋಗಿಬಂದವರು ಮೊದಲೇ ಹೇಳಿದ್ದಾರೆ.

ಚಳಿಗಾಲ ಎಂದ ಕೂಡಲೇ ಮನೆಯವರು ಸ್ವೆಟರ್ ತೆಗೆದಿಟ್ಟರು. ಸಲಾಲಾದ ಜನವರಿ ಹಗಲು ಇಪ್ಪತ್ತೇಳು ಡಿಗ್ರಿ. ಹೈದರಾಬಾದಿನ ಬೆಳಗ್ಗೆಯೇ ಅದಕ್ಕಿಂತ ಚಳಿ. ಇದು ಲೈನ್ ಕೊಳ್ಳುವಾಗಲೂ ಮುಖ್ಯ. ತಣ್ಣೀರಿಗೆ ಮಾಡಿದ ಲೈನ್ ಬಿಸಿಲಿಗೆ ಬೆಂದ ಶಾವಿಗೆಯಂತೆ ಮೆತ್ತಗಾಗಿ ಕೋಲಿನ ಬಳೆಗಳಿಗೆ ಅಂಟುತ್ತದೆ. ಉಷ್ಣವಲಯದ್ದೇ ತರಿಸಬೇಕು, ಅದು ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಚಳಿಗಿಂತ ಹೆದರಿಕೆ ಗಾಳಿಯದು. ಡಿಸೆಂಬರ್‌ನಿಂದ ಮಾರ್ಚ್ ನಡುವೆ ಆ ತೀರದಲ್ಲಿ ಮರುಭೂಮಿಯ ಕಡೆಯಿಂದ ಬೆಲಾತ್ ಎಂಬ ಗಾಳಿ ಬೀಸುತ್ತದೆ, ಒಮ್ಮೆ ಹಿಡಿದರೆ ಮರಳನ್ನೂ ಹೊತ್ತು ದಿನಗಟ್ಟಲೆ. ಬೆನ್ನ ಹಿಂದಿನಿಂದ ಬರುವ ಗಾಳಿ ಒಳ್ಳೆಯದಲ್ಲವೇ ಎನಿಸಬಹುದು. ಮುಂದಕ್ಕೆ ಬೀಸುವಾಗ ಹೌದು. ಹಿಂದಕ್ಕೆ ಬೀಸಿದ ಲೈನನ್ನು ಅದು ಬಿಚ್ಚಿಕೊಳ್ಳಲೇ ಬಿಡುವುದಿಲ್ಲ, ಕೊಕ್ಕೆ ಬಂದು ಕಿವಿಗೋ ಕತ್ತಿಗೋ ಬೀಳುತ್ತದೆ. ಕನ್ನಡಕ, ಟೋಪಿ ಇಲ್ಲದೆ ಬೀಸಬಾರದು ಎನ್ನುವುದು ಫ್ಯಾಷನ್ನಿನ ಮಾತಲ್ಲ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿಯೇ ಒಯ್ಯುತ್ತೇವೆ; ಮೀನಿಗೂ ಒಳ್ಳೆಯದು, ನಮ್ಮ ಕಿವಿಗೂ.

ಅಭ್ಯಾಸ ನಡೆಯುವುದು ನಲ್ಲಗಂಡ್ಲ ಕಡೆಯ ಒಂದು ಖಾಲಿ ಮೈದಾನದಲ್ಲಿ, ಬೆಳಗ್ಗೆ ಆರಕ್ಕೆ. ಕೊಕ್ಕೆಯ ಬದಲು ಕೆಂಪು ಉಲ್ಲನ್ ದಾರದ ತುಂಡು. ನಲವತ್ತು, ಐವತ್ತು, ಅರವತ್ತು ಅಡಿಗೆ ಮಕ್ಕಳ ರಿಂಗುಗಳನ್ನು ಇಟ್ಟು ಅದರೊಳಗೆ ಉಲ್ಲನ್ ಬೀಳಿಸಬೇಕು. ಮೊದಲ ದಿನ ಪಕ್ಕದ ಕಟ್ಟಡದ ವಾಚ್‌ಮನ್ ಬಹಳ ಹೊತ್ತು ನೋಡಿ, ಕೊನೆಗೆ ಕರುಣೆಯಿಂದ ಹೇಳಿದ: 'ಸಾರ್, ಇಕ್ಕಡ ನೀಳ್ಳು ಲೇವು ಕದಾ.' ಇಲ್ಲಿ ನೀರೇ ಇಲ್ಲವಲ್ಲ ಎಂದು. ಈಗ ಅವನೇ ರಿಂಗು ಸರಿಸಿಕೊಡುತ್ತಾನೆ. ಮೃಗಶಿರ ಕಾರ್ತೆಯ ದಿನ ನಾಂಪಲ್ಲಿ ಮೈದಾನದಲ್ಲಿ ಅಸ್ತಮಾಕ್ಕೆಂದು ಜೀವಂತ ಮೀನಿನ ಮರಿ ನುಂಗಲು ಸಾಲುಗಟ್ಟುವ ಊರಿದು. ಒಣನೆಲದಲ್ಲಿ ಗಾಳ ಬೀಸುವವನನ್ನೂ ಸಹಿಸಿಕೊಳ್ಳುತ್ತದೆ.

ಮನೆಯೊಳಗಿನ ಅಭ್ಯಾಸ ಬೇರೆ. ಕೆರೆಯ ಗಾಳದಲ್ಲಿ ಮೀನು ಎಳೆದೊಡನೆ ಕೋಲು ಮೇಲೆತ್ತುತ್ತೇವೆ. ಕಡಲ ಫ್ಲೈನಲ್ಲಿ ಕೋಲೆತ್ತಿದರೆ ಕೊಕ್ಕೆ ಬಾಯಿಂದ ಜಾರುತ್ತದೆ. ಕೋಲನ್ನು ನೀರಿನತ್ತಲೇ ಹಿಡಿದು ಎಡಗೈಯಿಂದ ಲೈನನ್ನು ಉದ್ದಕ್ಕೆ ಎಳೆಯಬೇಕು. ಮಗಳು ಕಾರಿಡಾರಿನ ಆ ತುದಿಯಲ್ಲಿ ಲೈನ್ ಹಿಡಿದು ನಿಲ್ಲುತ್ತಾಳೆ, ನನಗೆ ಬೆನ್ನು ಮಾಡಿಸಿ, ತನಗೆ ತೋಚಿದಾಗ ಜಗ್ಗುತ್ತಾಳೆ. ದಿನಕ್ಕೆ ಐವತ್ತು ಸಲ. ಮೀನಿನ ಪಾತ್ರ ಅವಳಿಗೆ ಎಷ್ಟು ಹಿಡಿಸಿದೆಯೆಂದರೆ ಹೋಮ್‌ವರ್ಕ್ ಬಿಟ್ಟು ಬರುತ್ತಾಳೆ.

ಇನ್ನೊಂದು ಸಾಮಾನು ಬೇಗಂ ಬಜಾರಿನದ್ದು. ಎಳೆದ ಲೈನನ್ನು ಕಾಲಬುಡಕ್ಕೆ ಬಿಟ್ಟರೆ ತೆರೆ ಅದನ್ನು ಸುತ್ತಿ ಗಂಟು ಹಾಕುತ್ತದೆ. ಅದಕ್ಕೆ ಸೊಂಟಕ್ಕೆ ಕಟ್ಟಿಕೊಳ್ಳುವ ಬುಟ್ಟಿ ಬೇಕು. ವಿದೇಶಿ ಬುಟ್ಟಿಯ ಬೆಲೆ ನೋಡಿ, ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಟಬ್ ಕೊಂಡು, ತಳಕ್ಕೆ ತೂತು ಕೊರೆದು, ಕೇಬಲ್ ಟೈಗಳನ್ನು ಮುಳ್ಳಿನಂತೆ ನಿಲ್ಲಿಸಿದೆವು. ಮುಳ್ಳುಗಳ ನಡುವೆ ಲೈನ್ ಸುತ್ತು ಸುತ್ತಾಗಿ ಕೂರುತ್ತದೆ. ಅಕ್ಟೋಬರ್‌ನಲ್ಲಿ ಬಾಪಟ್ಲದ ಸೂರ್ಯಲಂಕ ಬೀಚಿನಲ್ಲಿ ಎರಡು ದಿನ ಇದನ್ನು ಪರೀಕ್ಷಿಸಿದೆವು. ಮೀನು ಬೀಳಲಿಲ್ಲ, ಟಬ್ ಪಾಸಾಯಿತು.

ಆದರೆ ಇವೆಲ್ಲ ದುಡ್ಡು ಕೊಟ್ಟೋ ಬೆವರು ಸುರಿಸಿಯೋ ಆಗುವ ಕೆಲಸ. ಆಗದೇ ಇದ್ದದ್ದು ನೀರನ್ನು ಓದುವುದು. ಕಿಲೋಮೀಟರುಗಟ್ಟಲೆ ಮರಳು, ಎಲ್ಲ ಕಡೆ ಒಂದೇ ಬಗೆಯ ತೆರೆ, ಎಲ್ಲಿ ನಿಲ್ಲಬೇಕು? ವಿಡಿಯೋಗಳಲ್ಲಿ 'ಮೀನಿರುವ ಕಡೆ ಹಾಕಿ' ಎನ್ನುವವರೇ ಎಲ್ಲ. ಕೊನೆಗೆ ನಾನು ಹೋದದ್ದು ಕುಂದಾಪುರದ ಹತ್ತಿರ ತ್ರಾಸಿಯಲ್ಲಿರುವ ಚಿಕ್ಕಪ್ಪನ ಬಳಿಗೆ. ಎಪ್ಪತ್ತು ದಾಟಿದ್ದಾರೆ. ಹುಡುಗನಾಗಿದ್ದಾಗ ರಂಪಣಿ ಎಳೆದವರು. ರಂಪಣಿ ಎಂದರೆ ದಂಡೆಯಿಂದಲೇ ಹತ್ತಾರು ಜನ ಸೇರಿ ಎಳೆಯುವ ಮಹಾಬಲೆ. ಬಂಗುಡೆ, ಬೈಗೆಯ ಹಿಂಡು ಬಂದಿದೆಯೇ ಎಂದು ನೀರಿನ ಬಣ್ಣ ನೋಡಿಯೇ ಹೇಳುವವರು ಪ್ರತಿ ಊರಲ್ಲಿ ಇರುತ್ತಿದ್ದರು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ಹಿಂಡನ್ನು ಆಳದಲ್ಲೇ ಸುತ್ತುವರಿದ ಮೇಲೆ ದಂಡೆಯ ಬಲೆಗೆ ಉಳಿದದ್ದು ಕಡಿಮೆ. ಬಲೆ ಹೋಯಿತು, ನೋಡುವ ಕಣ್ಣು ಚಿಕ್ಕಪ್ಪನಿಗೆ ಉಳಿದಿದೆ.

ಹಾಸಿಕ್ ಕಡೆಯ ಉಪಗ್ರಹ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಮೊದಲು ಬೈಗುಳ: 'ಹಿಡ್ದ್ ಮೀನ್ ವಾಪಸ್ ಬಿಡುಕೆ ಅಷ್ಟ್ ದೂರ ಹ್ವಾಪುದ್ಯಾ ಮಗಾ?' ಆಮೇಲೆ ಕನ್ನಡಕ ಹಾಕಿಕೊಂಡರು. 'ತೆರೆ ಒಡೀದ ಇದ್ದಲ್ ಕಾಣ್, ಅಲ್ ಗುಂಡಿ ಇತ್.' ಮರಳದಿಬ್ಬದ ಮೇಲೆ ನೀರು ತೆಳ್ಳಗಿರುವುದರಿಂದ ತೆರೆ ಅಲ್ಲಿ ಬಿಳಿಯಾಗಿ ಒಡೆಯುತ್ತದೆ. ದಿಬ್ಬಕ್ಕೂ ದಂಡೆಗೂ ನಡುವೆ ಕಪ್ಪಗೆ ಕಾಣುವ ಉದ್ದ ಗುಂಡಿಯೇ ಮೀನು ಓಡಾಡುವ ದಾರಿ. ದಿಬ್ಬ ತುಂಡಾಗಿರುವ ಕಡೆ ದಂಡೆಗೆ ನುಗ್ಗಿದ ನೀರೆಲ್ಲ ವಾಪಸು ಹೋಗುತ್ತದೆ. ಏಡಿ, ಹುಳು ಕೊಚ್ಚಿಕೊಂಡು ಹೋಗುವುದೂ ಅಲ್ಲೇ, ಮನುಷ್ಯರು ಕೊಚ್ಚಿಹೋಗುವುದೂ ಅಲ್ಲೇ. ಅದರ ಪಕ್ಕ ನಿಲ್ಲು, ಒಳಗೆ ಇಳಿಯಬೇಡ, ಮೊಣಕಾಲಿಗಿಂತ ಮೇಲೆ ನೀರು ಬೇಡ ಎಂದರು. ಮರಳಿನಲ್ಲಿ ಹೆಜ್ಜೆ ಎತ್ತಿಡದೆ ಕಾಲು ಎಳೆಯುತ್ತಾ ನಡೆ, ತೊರಕೆ ಮಲಗಿದ್ದರೆ ಸರಿದು ಹೋಗುತ್ತದೆ, ತುಳಿದರೆ ಬಾಲದ ಮುಳ್ಳು. ನಾನು ಕೊಂಡ ಇಂಗ್ಲಿಷ್ ಪುಸ್ತಕದಲ್ಲೂ ಇದೇ ಇದೆ. ಆದರೆ ಪುಸ್ತಕ ನನ್ನ ಚಿತ್ರದ ಮೇಲೆ ಬೆರಳಿಟ್ಟು ತೋರಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಏಳು ಜಾಗ ಗುರುತು ಮಾಡಿದರು. ಮರಳಿನ ಗುಂಡಿ ಮಾರುತಕ್ಕೊಮ್ಮೆ ಜಾಗ ಬದಲಿಸುತ್ತದೆ, ಬಂಡೆಯ ಬುಡದ್ದು ಬದಲಿಸುವುದಿಲ್ಲ ಎಂದು ಅದರಲ್ಲಿ ನಾಲ್ಕನ್ನು ಅವರೇ ಹೊಡೆದು ಹಾಕಿದರು.

ದಿನ ಗೊತ್ತು ಮಾಡಿದ್ದೂ ಅವರೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಪ್ಪೆ. ಬಂಡೆಗಳ ಮೇಲೆ ನೀರು ಏರಬೇಕು, ಆಗ ಮೀನು ಮೇಯಲು ಬರುತ್ತದೆ. ನಾನು ಆ್ಯಪ್‌ನಲ್ಲಿ ಉಬ್ಬರದ ಗ್ರಾಫ್ ತೆಗೆಯುವಷ್ಟರಲ್ಲಿ ಅವರು ಗೋಡೆಯ ಪಂಚಾಂಗದಿಂದ ಪುಷ್ಯ ಬಹುಳ ದ್ವಾದಶಿಯಿಂದ ಮಾಘ ಶುದ್ಧ ಬಿದಿಗೆವರೆಗೆ ಎಂದು ಹೇಳಿಯಾಗಿತ್ತು. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಆರು ದಿನಕ್ಕೆ ಐದು ಗಂಟೆಯ ವ್ಯತ್ಯಾಸ. ಆಫೀಸಿನ ಕ್ಯಾಲೆಂಡರಿನಲ್ಲಿ ರಜೆ ಹಾಕುವಾಗ ಕಾರಣದ ಕಡೆ 'ವೈಯಕ್ತಿಕ' ಎಂದು ಬರೆದೆ. ಅಮಾವಾಸ್ಯೆ ಎಂದು ಬರೆದಿದ್ದರೆ ಮ್ಯಾನೇಜರು ಬೇರೇನೋ ತಿಳಿದುಕೊಳ್ಳುತ್ತಿದ್ದರು.

ಒಂದು ವಿಷಯದಲ್ಲಿ ಚಿಕ್ಕಪ್ಪ ನನ್ನನ್ನು ಬಿಟ್ಟಿಲ್ಲ. 'ತಿಂಬುಕೆ ಹಿಡಿ. ಆಟಕ್ಕಂದೇಳಿ ಜೀವಕ್ಕೆ ನೋವ್ ಕೊಡುಕಾಗ.' ನನ್ನಲ್ಲಿ ಉತ್ತರಗಳಿವೆ. ಒಳಮುಳ್ಳಿಲ್ಲದ ಕೊಕ್ಕೆ, ಒದ್ದಾಟ ಬೇಗ ಮುಗಿಯಲಿ ಎಂದು 20 ಪೌಂಡಿನ ಗಟ್ಟಿ ದಾರ, ನೀರಿನಿಂದ ಮೇಲೆತ್ತದೆ, ಒದ್ದೆ ಕೈಯಲ್ಲೇ ಹಿಡಿದು, ಕಿವಿರು ಸರಿಯಾಗಿ ಆಡುವವರೆಗೆ ಕಾದು ಬಿಡುವುದು. ಹೀಗೆ ಬಿಟ್ಟ ಮೀನುಗಳಲ್ಲಿ ಬಹುಪಾಲು ಬದುಕುತ್ತವೆ. ಪರ್ಸೀನಿನ ಒಂದು ಬಲೆಯ ಮುಂದೆ ನಮ್ಮ ಮೂವರ ಆಟ ಏನೂ ಅಲ್ಲ ಎಂದೂ ಹೇಳಬಹುದು. ಹೇಳಿದೆ ಕೂಡ. ಅದು ಅವರ ಮಾತಿಗೆ ಉತ್ತರವಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅವರು ಕೇಳಿದ್ದು ಎಷ್ಟು ಮೀನು ಎಂದಲ್ಲ, ಯಾಕೆ ಎಂದು. ಮೂವರೂ ಮಾತಾಡಿ ಒಂದು ನಿಯಮ ಮಾಡಿಕೊಂಡಿದ್ದೇವೆ: ಒಬ್ಬರಿಗೆ ಒಂದು ಪರ್ಮಿಟ್ ಸಿಕ್ಕರೆ ಆ ದಿನಕ್ಕೆ ಅವರ ಕೋಲು ಒಳಗೆ, ಉಳಿದ ಹೊತ್ತು ದಿಬ್ಬದ ಮೇಲೆ ನಿಂತು ಉಳಿದವರಿಗೆ ಮೀನು ತೋರಿಸುವ ಕೆಲಸ. ಊಟಕ್ಕೆ ಬೇಕಾದರೆ ಸ್ಥಳೀಯರು ಹಿಡಿದದ್ದನ್ನು ಮಿರ್ಬಾತ್‌ನಲ್ಲಿ ಕೊಳ್ಳುವುದು. ಚಿಕ್ಕಪ್ಪ ಇದನ್ನು ಕೇಳಿ ಹೂಂ ಎಂದರು, ಒಪ್ಪಿದರೆಂದು ನಾನು ಬರೆಯಲಾರೆ.

ಧೋಫಾರ್ ಕರಾವಳಿ ಹಿಡಿದು ಪಶ್ಚಿಮಕ್ಕೆ ಹೋದರೆ ಯೆಮೆನ್‌ನ ಹದ್ರಮೌತ್. ನಿಜಾಮರ ಸೈನ್ಯಕ್ಕೆ ಅಲ್ಲಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಹೈದರಾಬಾದಿನ ಬಾರ್ಕಸ್‌ನಲ್ಲಿ ಇಂದಿಗೂ ಇದ್ದಾರೆ. ಅಲ್ಲಿ ಮಂದಿ ತಿನ್ನಲು ಹೋದಾಗ, ಗಲ್ಲೆಯಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ಸಲಾಲಾದ ಮಾತು ತೆಗೆದರೆ ಬಹಳ ಖುಷಿಯಾಯಿತು. ಚಹಾ ಕುಡಿಸಿ, ಅಲ್ಲಿಂದ ಲೋಬಾನ ತರಲು ಹೇಳಿದ್ದಾರೆ.

ಈಗ ಉಳಿದಿರುವುದು ಸಣ್ಣಪುಟ್ಟ ಕೆಲಸ. ಇ-ವೀಸಾ ರಾಯಲ್ ಒಮಾನ್ ಪೊಲೀಸ್ ವೆಬ್‌ಸೈಟಿನಲ್ಲೇ ಆಗುತ್ತದೆ. ಕೋಲು ನಾಲ್ಕು ತುಂಡಾಗುವುದರಿಂದ ಸೂಟ್‌ಕೇಸಿನೊಳಗೇ ಹಿಡಿಸುತ್ತದೆ. ಕೊಕ್ಕೆ, ಇಕ್ಕಳ ಕ್ಯಾಬಿನ್ ಬ್ಯಾಗಿನಲ್ಲಿ ಇಡುವಂತಿಲ್ಲ. ಪ್ರತಿ ಸಂಜೆ ರೀಲನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಅದನ್ನು ತಿಂದುಬಿಡುತ್ತದೆ, ಹಾಗಾಗಿ ಬಾಡಿಗೆ ಗಾಡಿಯಲ್ಲಿ ಹತ್ತು ಲೀಟರಿನ ಎರಡು ಕ್ಯಾನು. ಚಿಪ್ಪು ಅಂಟಿದ ಬಂಡೆ ಬ್ಲೇಡಿನಂತೆ ಕೊಯ್ಯುವುದರಿಂದ ದಪ್ಪ ಅಟ್ಟೆಯ ಬೂಟು. ಏಡಿ ಫ್ಲೈ ಇಪ್ಪತ್ತು ಬೇಕು, ಹನ್ನೊಂದು ಕಟ್ಟಿಯಾಗಿದೆ. ಉಳಿದ ಒಂಬತ್ತನ್ನು ಈ ಶನಿವಾರ ಕಟ್ಟಬೇಕು, ಮಗಳು ಕಣ್ಣುಗಳಿಗೆ ಬಣ್ಣ ಹಾಕುತ್ತೇನೆಂದು ಕುಂಚ ಹಿಡಿದು ಕೂತಿದ್ದಾಳೆ.