ಹಂಚಿನ ಮೇಲೆ ಪಲ್ಯ ಬೆರೆತ ಕಡಕ್ ರೊಟ್ಟಿ

ಹುಣಸಗಿ ಕಡೆ ಕಡಕ್ ರೊಟ್ಟಿ ಇಲ್ಲದ ಅಡುಗೆಮನೆ ಸಿಗುವುದು ಕಷ್ಟ. ಹೊಲದ ಬುತ್ತಿಗೂ ಅದೇ, ಹಾಸ್ಟೆಲಿಗೆ ಹೊರಟ ಮಗನ ಚೀಲಕ್ಕೂ ಅದೇ. ಆ ರೊಟ್ಟಿಯ ಜೋಳದ ಹಿಟ್ಟಿಗೇ ಮೆಂತ್ಯಪಲ್ಯ, ನುಗ್ಗೆಸೊಪ್ಪು, ಹೆರೆದ ಗಜ್ಜರಿ ಬೆರೆಸಿ ಅಂಗೈಯಗಲ ಬಡಿದು ಬೇಯಿಸಿದರೆ ಸಂಜೆಯ ಚಹಾಕ್ಕೆ ಗರಿಗರಿ ತಿಂಡಿ ಸಿದ್ಧ. ಎಣ್ಣೆಯ ಬಾಣಲೆ ಒಲೆ ಏರುವುದೇ ಬೇಡ. ಓವನ್ ಇಲ್ಲದೆ ಬೇಕಿಂಗ್ ಹೇಗೆ ಎನ್ನುವವರು ಹಂಚಿನ ಮುಂದೆ ಕೂತ ನಮ್ಮ ಹೆಣ್ಣುಮಕ್ಕಳ ಕೈ ನೋಡಬೇಕು.

ಜೋಳ ಹಿಂಗಾರಿಯದೇ ಆಗಬೇಕು. ಎರೆ ಹೊಲದ ಬಿಳಿಜೋಳ, ಅದರಲ್ಲೂ ಮಾಲ್ದಂಡಿ ಎನ್ನುವ ಎಂ 35-1 ತಳಿ ಇದ್ದರೆ ಇನ್ನೇನು ಬೇಕು! ಹಿಟ್ಟು ಹೊಸದಾಗಿ ಬೀಸಿದ್ದಿರಲಿ. ಹಳತಾದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ಎಸರು. ಕುದಿಯುವ ನೀರು ಬಿದ್ದೊಡನೆ ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿ ಬಿಡುತ್ತದೆ, ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ.

ಕಾಯಿಪಲ್ಯ ಸೇರಿದರೆ ಕೆಲಸ ಸೂಕ್ಷ್ಮವಾಗುತ್ತದೆ. ಗಜ್ಜರಿಯಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ, ಸೊಪ್ಪಿನ ಕಥೆಯೂ ಹೆಚ್ಚುಕಡಿಮೆ ಅದೇ. ಆ ನೀರು ಒಳಗೇ ಉಳಿದರೆ ಬೆಂದಾಗ ಗರಿಗರಿ ಎನಿಸಿದ ರೊಟ್ಟಿ ರಾತ್ರಿಯೊಳಗೆ ಮೆತ್ತಗಾಗುತ್ತದೆ. ಬಲ್ಲವರು ಮೆಂತ್ಯವನ್ನು ತೊಳೆದು, ಬಟ್ಟೆಯ ಮೇಲೆ ಹರವಿ, ನೆರಳಿನಲ್ಲಿ ಬಾಡಿಸುತ್ತಾರೆ. ಗಜ್ಜರಿಗೆ ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹಿಂಡುತ್ತಾರೆ. ಹಿಂಡಿದ ರಸ ಚೆಲ್ಲುವುದಿಲ್ಲ. ಅದನ್ನೇ ಎಸರಿಗೆ ಸೇರಿಸುತ್ತಾರೆ. ಬಣ್ಣ, ರುಚಿ ಎರಡೂ ಹಿಟ್ಟಿಗೇ ಬರುತ್ತವೆ. ಎಂಥ ಜಾಣತನ ಇದು! ಎರಡು ಬಟ್ಟಲು ಹಿಟ್ಟಿಗೆ ಸಣ್ಣಗೆ ಹೆಚ್ಚಿದ ಒಂದು ಬಟ್ಟಲು ಪಲ್ಯ ಸಾಕು. ಜೀರಿಗೆ, ಅಜವಾನ, ಹಸಿಖಾರ, ಮೇಲೆ ಉದುರಿಸಲು ಎಳ್ಳು. ಉಳ್ಳಾಗಡ್ಡಿ ಬೇಡ, ಅದು ಬೇಗ ಕೆಡಿಸುತ್ತದೆ.

ಬಡಿಯುವುದನ್ನು ಬರೆದು ಕಲಿಸಲಾಗದು. ಒಂದು ಕೈ ತಟ್ಟುತ್ತಿರುತ್ತದೆ, ಇನ್ನೊಂದು ಅಂಚಿಗೆ ಒತ್ತಾಗಿ ನಿಂತು ರೊಟ್ಟಿಯನ್ನು ತಿರುಗಿಸುತ್ತಿರುತ್ತದೆ. ಸೊಪ್ಪಿನ ದಂಟು ಉಳಿದಿದ್ದರೆ ಅಲ್ಲೇ ಹರಿಯುತ್ತದೆ, ಎಲೆ ಮಾತ್ರ ಬಳಸಬೇಕು. ಕಾದ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಆರಿದ ಮೇಲೆ ಮಗುಚುವುದು. ಇಲ್ಲಿಂದ ಉರಿ ತಗ್ಗಬೇಕು. ಮಡಿಚಿದ ಬಟ್ಟೆಯಿಂದ ಒತ್ತುತ್ತಾ, ತಿರುಗಿಸುತ್ತಾ, ಉಬ್ಬಲು ಬಿಡದೆ ಹಬೆ ಹೊರಹಾಕುತ್ತಾರೆ. ಉರಿ ಜೋರಾದರೆ ಮೇಲೆ ಕಪ್ಪು, ಒಳಗೆ ಹಸಿ. ಕೊನೆಗೆ ರೊಟ್ಟಿಗಳನ್ನು ಒಲೆಯ ಸುತ್ತ ಕೆಂಡದ ಕಾವಿಗೆ ಒರಗಿಸಿ ನಿಲ್ಲಿಸುತ್ತಾರೆ. ಉಳಿದ ತೇವವೆಲ್ಲ ಅಲ್ಲಿ ಹೋಗುತ್ತದೆ. ಬೆರಳಿನಿಂದ ತಟ್ಟಿದರೆ ಟಣ್ ಎನ್ನಬೇಕು.

ಪಟ್ಟಣದ ಮನೆಯಲ್ಲಿ ಓವನ್ ಇದ್ದರೆ ತೆಳ್ಳಗೆ ಲಟ್ಟಿಸಿ, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 20 ನಿಮಿಷ ಇಡಿ, ನಡುವೆ ಒಮ್ಮೆ ಮಗುಚಿ. ಚೆನ್ನಾಗಿಯೇ ಬರುತ್ತದೆ. ಆದರೆ ಹಂಚಿನ ಆ ಸುಟ್ಟ ಚುಕ್ಕಿಗಳ ಪರಿಮಳ ಅದರಲ್ಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ತುಂಬಬೇಕು. ಶೇಂಗಾ ಹಿಂಡಿಯ ಜೊತೆ ತಿನ್ನಿ: ಗಜ್ಜರಿ, ಸೊಪ್ಪಿನ ಕ್ಯಾರೊಟಿನ್ ಮೈಗೆ ಹತ್ತಲು ತುಸು ಜಿಡ್ಡು ಬೇಕು, ಶೇಂಗಾದಲ್ಲಿ ಅದಿದೆ. ಚಳಿಗಾಲದಲ್ಲಿ ಎಳೆ ಮೆಂತ್ಯ ಸಂತೆಗೆ ಬಂದಾಗ ಒಂದು ಕಟ್ಟು ತಂದು ಶುರುಮಾಡಿ. ಮೊದಲ ರೊಟ್ಟಿಗಳು ಮುರಿದರೆ ಮುರಿಯಲಿ, ಓಣಿಯಲ್ಲಿ ರೊಟ್ಟಿ ಬಡಿಯುವ ಹಿರಿಯಕ್ಕ ಯಾರಾದರೂ ಇದ್ದರೆ ಒಂದು ಮಧ್ಯಾಹ್ನ ಅವರ ಪಕ್ಕ ಕೂತು ಕಲಿಯಿರಿ.