ಪುಕ್ಕಟೆ ಆಟಕ್ಕೆ ಎಷ್ಟು ರೊಕ್ಕ?

ಕುಕ್ಕರ್ ಮೂರನೇ ಸೀಟಿ ಹೊಡೆಯೋ ಹೊತ್ತಿಗೆ ಸರಿಯಾಗಿ ಮಕ್ಕಳು ಬಂದು ನಿಲ್ತಾರೆ. ‘ಅಮ್ಮಾ, ಬರೀ 80 ರೂಪಾಯಿ. ಈ ಲೆವೆಲ್ ಒಂದು ದಾಟಿಬಿಟ್ರೆ ಆಯ್ತು’ ಅಂತಾರೆ. ಒಲೆ ಕಡೆ ಒಂದು ಕಣ್ಣು, ಗಡಿಯಾರದ ಕಡೆ ಒಂದು ಕಣ್ಣು ಇಟ್ಟುಕೊಂಡ ನೀವು ‘ಹೂಂ ತಗೋ, ತಲೆ ತಿನ್ನಬೇಡ’ ಅಂದಿರ್ತೀರಿ. ಇಲ್ಲವೇ ‘ಆ ಆಟದ ಮನೆ ಹಾಳಾಗ’ ಎಂದು ಬೈದು ಕಳಿಸಿರ್ತೀರಿ. ಎರಡರಲ್ಲಿ ಯಾವುದು ಮಾಡಿದರೂ ಒಂದು ಪ್ರಶ್ನೆಯನ್ನು ಮಾತ್ರ ನಾವು ಕೇಳುವುದೇ ಇಲ್ಲ. ಆ ಲೆವೆಲ್ ಅಷ್ಟೊಂದು ಕಷ್ಟ ಆದದ್ದಾದರೂ ಯಾಕೆ?

ವಿಡಿಯೋ ಗೇಮ್ ಉಸಾಬರಿ ನಮಗ್ಯಾಕೆ ಅಂತ ಪುಟ ತಿರುವಬೇಡಿ. ಮನೆಖರ್ಚಿನ ಲೆಕ್ಕ ಬರೆಯುವವರು ನಾವೇ ತಾನೆ? ಹಾಲು, ಗ್ಯಾಸು, ಟ್ಯೂಷನ್ ಫೀಸಿನ ಸಾಲಿನಲ್ಲಿ ಈಗ ‘ಡೈಮಂಡು’, ‘ಕಾಯಿನ್ನು’, ‘ಪಾಸು’ ಅಂತ ಹೊಸ ಖರ್ಚುಗಳು ಬಂದು ಕೂತಿವೆ. ಡೈಮಂಡ್ ಅಂದರೆ ಮೂಗುತಿಗೆ ಬರುವ ವಜ್ರ ಅಲ್ಲ, ಕೈಗೆ ಸಿಗದ ವಜ್ರ!

ನನ್ನ ತವರು ಗೋಕಾಕ ಹತ್ತಿರದ ಮೇಲವಂಕಿ. ಪಟ್ಟಣದ ಮಕ್ಕಳಿಗಷ್ಟೇ ಈ ಹುಚ್ಚು ಅಂದುಕೊಂಡವರು ಕೇಳಿ. ಹೋದ ವರ್ಷ ಪಂಚಮಿಗೆ ಹೋದಾಗ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಪಾಸ್‌ಬುಕ್ ತಂದು ಮುಂದಿಟ್ಟರು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗಿನಿಂದ ತಿಂಗಳ 2,000 ರೂಪಾಯಿಯಲ್ಲಿ ಅಷ್ಟಿಷ್ಟು ಉಳಿಸಿ, ಹೊಲಿಗೆ ಮಷೀನ್ ತಗೋಬೇಕು ಅಂತ ಅವರ ಲೆಕ್ಕ. ನೋಡಿದರೆ 80, 160, ಮತ್ತೆ 80, ಒಮ್ಮೆ 400... ಹೀಗೆ ಐದು ತಿಂಗಳಲ್ಲಿ ಒಟ್ಟು 5,840 ರೂಪಾಯಿ ಹೋಗಿದೆ. ‘ದೊಡ್ಡ ರೊಕ್ಕ ಹೋಗಿದ್ರ ಅವತ್ತs ಗೊತ್ತಾಕ್ಕಿತ್ತು. ಇದು ಚಿಲ್ಲರಿ ಹೋದಂಗ ಹೋತು’ ಅಂದರು ವೈನಿ. ತೆಗೆದವನು 13 ವರ್ಷದ ಮಗ. ಪಿನ್ ಅವನಿಗೆ ಗೊತ್ತಾದದ್ದು ಕದ್ದು ನೋಡಿ ಅಲ್ಲ. ತಾಯಿಯ ಫೋನಿಗೆ ಆ ಪೇಮೆಂಟ್ ಆ್ಯಪ್ ಹಾಕಿಕೊಟ್ಟವನೇ ಅವನು! ಫೋನು ಮನೆಗೆ ಬಂದದ್ದು 2020ರ ಲಾಕ್‌ಡೌನಿನಲ್ಲಿ, ಅಕ್ಕನ ಆನ್‌ಲೈನ್ ಪಾಠಕ್ಕೆ ಅಂತ. ಪಾಠ ಮುಗಿಯಿತು, ಆಟ ಉಳಿಯಿತು.

ಅಣ್ಣ ಫೋನನ್ನು ನೆಲಕ್ಕೆ ಬಡಿಯಲು ಹೊರಟಿದ್ದ. ನಾನು ಹುಡುಗನನ್ನು ಪಡಸಾಲೆಗೆ ಕರೆದುಕೊಂಡು ಹೋಗಿ ಕೇಳಿದೆ. ಅವನ ಮಾತು ಇಷ್ಟೇ: ‘ಅತ್ತೀ, ಮೊದಲ ಮೊದಲ ಭಾಳ ಸರಳ ಇತ್ತು. ಆಮ್ಯಾಲ ಏನ ಮಾಡಿದ್ರೂ ದಾಟಾಕ ಬರವಲ್ದು. ಅಲ್ಲೇ ತಗೋ ಅಂತ ತೋರಸ್ತಿತ್ತು, ತಗೊಂಡ್ನಿ.’

ಇಡೀ ವ್ಯಾಪಾರದ ಗುಟ್ಟು ಈ ಮೂರು ಮಾತಿನಲ್ಲಿದೆ ನೋಡಿ. ಮೊದಲು ಸಲೀಸು, ಆಮೇಲೆ ಗೋಡೆ. ಗೋಡೆ ಕಟ್ಟಿದವರೇ ಅದರ ಪಕ್ಕದಲ್ಲಿ ಏಣಿ ಮಾರುವ ಅಂಗಡಿ ಇಟ್ಟಿದ್ದಾರೆ.

ಮೂವತ್ತು ಜೀವ ಪುಕ್ಕಟೆ

ಆಟ ಕಷ್ಟ ಇರುವುದು ಹೊಸದೇನಲ್ಲ. 1980ರ ಪ್ಯಾಕ್‌ಮನ್ ಕಾಲದಲ್ಲಿ ಆಟಗಳು ಅಂಗಡಿಯ ಪೆಟ್ಟಿಗೆಯಲ್ಲಿದ್ದವು. ನಾಣ್ಯ ಹಾಕಿ ಆಡಬೇಕು. ಒಬ್ಬನೇ ಗಂಟೆಗಟ್ಟಲೆ ಆಡುತ್ತ ನಿಂತರೆ ಅಂಗಡಿಯವನ ಹೊಟ್ಟೆ ತುಂಬಬೇಕಲ್ಲ? ಹಾಗಾಗಿ ಬೇಗ ಸೋಲುವಂತೆ ಮಾಡಿಡುತ್ತಿದ್ದರು. ಸೋತರೆ ಇನ್ನೊಂದು ನಾಣ್ಯ. ಆದರೆ ಜೇಬಿನಲ್ಲಿದ್ದ ಚಿಲ್ಲರೆ ಮುಗಿದರೆ ಆಟವೂ ಮುಗಿಯಿತು, ಹುಡುಗರು ಮನೆಗೆ ಬರುತ್ತಿದ್ದರು.

ಆಮೇಲೆ ಟಿವಿಗೆ ಸಿಕ್ಕಿಸುವ ಆಟಗಳು ಬಂದವು. ತೊಂಬತ್ತರ ದಶಕದಲ್ಲಿ ಬೆಳೆದ ನಮಗೆಲ್ಲ ಮಾರಿಯೋ, ಕಾಂಟ್ರಾ ನೆನಪಿರಬೇಕು. ಬೇಸಿಗೆ ರಜೆಯಲ್ಲಿ ಅಣ್ಣಂದಿರು ಆಡುವಾಗ ನಮಗೆ ಸಿಗುತ್ತಿದ್ದದ್ದು ಎರಡನೇ ರಿಮೋಟು, ಅದೂ ಅವರು ಊಟಕ್ಕೆ ಎದ್ದಾಗ! ಕಾಂಟ್ರಾದಲ್ಲಿ ಮೂರೇ ಜೀವ. ಆದರೆ ಒಂದು ಮಂತ್ರ ಇತ್ತು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಗುಂಡಿ ಒತ್ತಿದರೆ ಮೂರು ಜೀವ ಹೋಗಿ 30 ಜೀವ ಆಗುತ್ತಿದ್ದವು.

ಆ ಮಂತ್ರ ಹುಟ್ಟಿದ ಕತೆ ಚೆನ್ನಾಗಿದೆ. ಜಪಾನಿನ ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಟಿವಿಗೆ ಹೊಂದಿಸುತ್ತಿದ್ದರು. ತಾವೇ ಮಾಡುತ್ತಿದ್ದ ಆಟ ತಮಗೇ ಗೆಲ್ಲಲಾಗದಷ್ಟು ಕಷ್ಟ. ಪರೀಕ್ಷೆ ಮಾಡಲು ಸುಲಭವಾಗಲಿ ಅಂತ ಈ ಗುಂಡಿಗಳ ಸರಣಿ ಸೇರಿಸಿಕೊಂಡರು. ಅದು ಆಟದೊಳಗೇ ಉಳಿದು, ಮುಂದೆ ಕಾಂಟ್ರಾಕ್ಕೂ ಬಂದು, ಬಾಯಿಂದ ಬಾಯಿಗೆ ಜಗತ್ತೆಲ್ಲ ಸುತ್ತಿತು. ಹಶಿಮೊಟೊ 2020ರಲ್ಲಿ ತೀರಿಕೊಂಡರು. ಕಷ್ಟವನ್ನು ಹಗುರ ಮಾಡುವ ಆ ಮಂತ್ರಕ್ಕೆ ಯಾರೂ ಒಂದು ಪೈಸೆ ಕೊಡಲಿಲ್ಲ. ಇವತ್ತಾಗಿದ್ದರೆ 30 ಜೀವಕ್ಕೆ 80 ರೂಪಾಯಿ ಅಂತ ಬೋರ್ಡ್ ಹಾಕುತ್ತಿದ್ದರು.

ಬೋರ್ಡ್ ಹಾಕಿದ ಆಟವೂ ನಮಗೆ ಗೊತ್ತು. ಮಧ್ಯಾಹ್ನದ ಧಾರಾವಾಹಿ ನಡುವೆ ಜಾಹೀರಾತು ಬಂದಾಗ ನಮ್ಮಲ್ಲೇ ಎಷ್ಟು ಜನ ಕ್ಯಾಂಡಿ ಕ್ರಶ್ ತೆಗೆಯುವುದಿಲ್ಲ? 2012ರಲ್ಲಿ ಬಂದ ಈ ಆಟದಲ್ಲಿ ಐದು ಜೀವ. ಒಂದು ಹೋದರೆ ಮತ್ತೆ ತುಂಬಲು ಅರ್ಧ ಗಂಟೆ. ಕಾಯಬೇಕು, ಇಲ್ಲವೇ ಗೆಳತಿಯರನ್ನು ಬೇಡಬೇಕು, ಇಲ್ಲವೇ ದುಡ್ಡು ಕೊಡಬೇಕು. ಈ ಬೇಡಿಕೆ ಸಂದೇಶಗಳ ಕಾಟ ಎಷ್ಟಿತ್ತೆಂದರೆ, 2015ರ ಅಕ್ಟೋಬರಿನಲ್ಲಿ ಫೇಸ್‌ಬುಕ್‌ನ ಮಾರ್ಕ್ ಝುಕರ್‌ಬರ್ಗ್ ದೆಹಲಿ ಐಐಟಿಗೆ ಬಂದಾಗ ಜನ ಕೇಳಿದ್ದು ಇದನ್ನೇ. ಕ್ಯಾಂಡಿ ಕ್ರಶ್ ಆಹ್ವಾನ ನಿಲ್ಲಿಸೋದು ಹೇಗೆ ಸ್ವಾಮೀ, ಅಂತ! ಪುಕ್ಕಟೆ ಆಟ ಮಾಡಿದ ಆ ಕಂಪನಿ 2016ರಲ್ಲಿ ಮಾರಾಟವಾದದ್ದು 590 ಕೋಟಿ ಡಾಲರಿಗೆ. ಆಡುವವರಲ್ಲಿ ಬಹುಪಾಲು ಜನ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಕೊಡುವ ಕೆಲವರು ಮತ್ತೆ ಮತ್ತೆ ಕೊಡುತ್ತಾರೆ. ಗೇಮ್ ಉದ್ಯಮದವರು ತಮ್ಮತಮ್ಮಲ್ಲಿ ಅಂಥವರನ್ನು ಕರೆಯುವ ಹೆಸರು ‘ತಿಮಿಂಗಿಲ’. ನಮ್ಮ ಮಗು ಯಾರದೋ ಲೆಕ್ಕದಲ್ಲಿ ತಿಮಿಂಗಿಲ ಆಗಬೇಕೇ?

ಗೋಡೆ ಒಂದೇ ಉಪಾಯ ಅಲ್ಲ. ಡೈಮಂಡಿನ ಲೆಕ್ಕವನ್ನೇ ನೋಡಿ. ಬೇಕಾದ ವಸ್ತುವಿಗೆ 60 ಡೈಮಂಡು, ಮಾರುವುದು ಮಾತ್ರ 100ರ ಕಟ್ಟು. ಉಳಿದ 40 ಇಟ್ಟುಕೊಂಡು ಏನು ಮಾಡೋದು? ಇನ್ನೊಂದು ಕಟ್ಟು ತಗೋ. ಚಿಲ್ಲರೆ ಇಲ್ಲ ಅಂತ ಅಂಗಡಿಯವನು ಚಾಕೊಲೇಟ್ ಕೊಟ್ಟು ಕಳಿಸುತ್ತಾನಲ್ಲ, ಅದೇ ಜಾಣತನ. ‘ಇನ್ನು ಎರಡೇ ಗಂಟೆ’ ಎನ್ನುವ ಆಫರು ನಮ್ಮ ಆಷಾಢ ಸೇಲಿನ ತಮ್ಮ. ಒಳಗೆ ಏನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ಒಡೆಯುವುದಂತೂ ಜಾತ್ರೆಯಲ್ಲಿ ರಿಂಗ್ ಎಸೆಯುವ ಆಟದ ಹಾಗೆಯೇ. ಬೆಲ್ಜಿಯಂ ದೇಶ 2018ರಲ್ಲಿ ಇದನ್ನು ಜೂಜು ಎಂದೇ ಪರಿಗಣಿಸಿತು. ಅಮೆರಿಕದಲ್ಲಿ ಫೋರ್ಟ್‌ನೈಟ್ ಎಂಬ ಆಟದ ಕಂಪನಿ, ಗುಂಡಿಗಳನ್ನು ಗಲಿಬಿಲಿಯಾಗುವಂತೆ ಜೋಡಿಸಿ ಬೇಡದ ಖರೀದಿ ಮಾಡಿಸಿತು ಎಂಬ ಆರೋಪದ ಮೇಲೆ 24.5 ಕೋಟಿ ಡಾಲರ್ ವಾಪಸು ಕೊಡಲು 2022ರ ಕೊನೆಯಲ್ಲಿ ಒಪ್ಪಿಕೊಂಡಿತು. ಅಲ್ಲಿಯ ತಾಯಂದಿರದೂ ನಮ್ಮದೇ ಗೋಳು.

ದುಬಾರಿ ಡಿಸ್ಕೇ ಮೇಲೇ?

ಈಗ ಇನ್ನೊಂದು ಬಗೆ ನೋಡೋಣ. ಸ್ವಲ್ಪ ದೊಡ್ಡ ಮಕ್ಕಳು ಪ್ಲೇಸ್ಟೇಷನ್ ಬೇಕು ಅಂತ ಹಟ ಹಿಡಿಯುತ್ತಾರೆ. ಪಿಎಸ್5 ಪೆಟ್ಟಿಗೆ 2021ರ ಫೆಬ್ರುವರಿಯಲ್ಲಿ ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. ಮರುವರ್ಷ ನವೆಂಬರಿನಲ್ಲಿ 54,990 ಆಯಿತು. ಹಳೆಯದಾದಷ್ಟೂ ಅಗ್ಗವಾಗಬೇಕಾದ್ದು ಏರಿತು! ಅದರಲ್ಲಿ ಆಡುವ ದೊಡ್ಡ ಆಟದ ಒಂದು ಡಿಸ್ಕಿಗೆ 4,999. ಒಂದು ಒಳ್ಳೆ ಇಳಕಲ್ ಸೀರೆ ಬರುತ್ತಲ್ಲ ಅಂತ ನಮ್ಮ ಮನಸ್ಸು ಲೆಕ್ಕ ಹಾಕುವುದು ಸಹಜ. ಅಮೆರಿಕದಲ್ಲಿ ಹದಿನೈದು ವರ್ಷದಷ್ಟು ಕಾಲ 60 ಡಾಲರಿಗೆ ನಿಂತಿದ್ದ ಬೆಲೆ 2020ರಲ್ಲಿ 70 ಆಗಿ, 2025ರಲ್ಲಿ ಹೊಸ ಮಾರಿಯೋ ಕಾರ್ಟ್ ಬಂದಾಗ 80ಕ್ಕೆ ಮುಟ್ಟಿತು.

ಇಷ್ಟೇಕೆ ಅಂದರೆ, ಆಟ ಮಾಡುವುದು ಈಗ ಸಿನಿಮಾ ತೆಗೆದಷ್ಟೇ ದೊಡ್ಡ ಕೆಲಸ. 2020ರಲ್ಲಿ ಬಂದ ‘ದ ಲಾಸ್ಟ್ ಆಫ್ ಅಸ್’ ಆಟದ ಎರಡನೇ ಭಾಗಕ್ಕೆ ಖರ್ಚಾದದ್ದು ಸುಮಾರು 22 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ 1,600 ಕೋಟಿ ರೂಪಾಯಿಯ ಆಸುಪಾಸು ಎಂದು ಕೋರ್ಟಿಗೆ ಹೋದ ಕಾಗದಗಳಿಂದ 2023ರಲ್ಲಿ ಹೊರಬಿತ್ತು. ಅದಕ್ಕೆ ನಾವ್ಯಾಕೆ ದುಡ್ಡು ಸುರಿಯಬೇಕು ಎನ್ನುತ್ತೀರಾ? ಸುರಿಯಿರಿ ಎಂದು ನಾನೂ ಹೇಳುವುದಿಲ್ಲ. ಆದರೆ ಒಂದು ವ್ಯತ್ಯಾಸ ನೋಡಿ. 4,999 ಎನ್ನುವುದು ಕಣ್ಣಿಗೆ ಕಾಣುವ ಬೆಲೆ. ಗಂಡ-ಹೆಂಡತಿ ಕೂತು ಮಾತಾಡಿ, ಹುಟ್ಟಿದ ಹಬ್ಬಕ್ಕೋ ಪರೀಕ್ಷೆ ಮುಗಿದ ಮೇಲೋ, ಆಗುತ್ತೆ ಇಲ್ಲವೇ ಆಗಲ್ಲ ಅಂತ ಹೇಳಬಹುದಾದ ಬೆಲೆ. ಆಡಿ ಮುಗಿದ ಡಿಸ್ಕನ್ನು ಚಿಕ್ಕಪ್ಪನ ಮಗನಿಗೆ ಕೊಡಬಹುದು, ಅರ್ಧ ಬೆಲೆಗೆ ಮಾರಲೂಬಹುದು. ನಮ್ಮ ಹುಡುಗನ ‘ಪುಕ್ಕಟೆ’ ಆಟಕ್ಕೆ ಹೋದ 5,840 ಇದಕ್ಕಿಂತ ಹೆಚ್ಚು. ಕೈಯಲ್ಲಿ ಉಳಿದದ್ದು ಏನೂ ಇಲ್ಲ.

ಇಂಥ ಆಟಗಳಲ್ಲೂ ಕಷ್ಟ ಇದೆ. 2022ರಲ್ಲಿ ಬಂದ ಎಲ್ಡನ್ ರಿಂಗ್ ಅಂತೂ ಕುಖ್ಯಾತ. ಒಂದೇ ರಾಕ್ಷಸನ ಎದುರು ಐವತ್ತು ಸಲ ಸೋಲುವವರಿದ್ದಾರೆ. ಸುಲಭದ ಆಯ್ಕೆಯೇ ಅದರಲ್ಲಿಲ್ಲ. ಆದರೂ ಮೂರು ವಾರ ತುಂಬುವಷ್ಟರಲ್ಲಿ 1 ಕೋಟಿ 20 ಲಕ್ಷ ಪ್ರತಿ ಹೋದವು. ಯಾಕೆ ಅಂತೀರಿ? ಅಲ್ಲಿ ಗೆಲುವು ಮಾರಾಟಕ್ಕಿಲ್ಲ. ಸೋತು ಸೋತು ಕೈ ಪಳಗಬೇಕು. ನಾವು ಕಸೂತಿ ಕಲಿತದ್ದೂ ಹೀಗೇ ಅಲ್ಲವೇ? ಗವಂತಿ ಹೊಲಿಗೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಬರಬೇಕು. ತಪ್ಪಿದರೆ ಅಜ್ಜಿ ಬಿಚ್ಚಿಸುತ್ತಿದ್ದರೇ ಹೊರತು, ‘80 ರೂಪಾಯಿ ಕೊಡು, ನಾನು ಹಾಕ್ಕೊಡ್ತೀನಿ’ ಅನ್ನುತ್ತಿರಲಿಲ್ಲ. ಕಷ್ಟದ ಆಟ ಅಂತ ಕಂಡಕೂಡಲೇ ಗಾಬರಿ ಬೇಡ. 2018ರ ಸೆಲೆಸ್ಟ್ ಎಂಬ ಬೆಟ್ಟ ಹತ್ತುವ ಆಟವೂ ಬಹಳ ಕಷ್ಟ. ಆಗದವರು ವೇಗ ಇಳಿಸಿಕೊಳ್ಳಲು ಅದರಲ್ಲೇ ಅವಕಾಶ ಇಟ್ಟಿದ್ದಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಹಾಗಂತ ಡಿಸ್ಕಿನ ಆಟಗಳೆಲ್ಲ ಗಂಗೆಯಷ್ಟು ಪವಿತ್ರವೂ ಅಲ್ಲ. ಪೂರ್ತಿ ದುಡ್ಡು ತೆಗೆದುಕೊಂಡ ಮೇಲೂ ಒಳಗೆ ಅಂಗಡಿ ತೆರೆಯುವ ಫುಟ್‌ಬಾಲ್ ಆಟಗಳಿವೆ.

ನಾವು ಮಾಡಬಹುದಾದದ್ದು

ಸರ್ಕಾರ ನಿಷೇಧಿಸಲಿ ಅಂತ ಕಾದು ಕೂತರೆ ಆಗದು. ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದರು, ಮರುವರ್ಷ ಜುಲೈಗೆ ಅದೇ ಆಟ ಬೇರೆ ಹೆಸರಲ್ಲಿ ಬಂತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳ ವಿರುದ್ಧ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿದ್ದು ನಿಜ. ಆದರೆ ಡೈಮಂಡಿನ ಆಟದಲ್ಲಿ ಗೆಲ್ಲಲು ದುಡ್ಡೇ ಇಲ್ಲವಲ್ಲ, ಕಳೆಯುವುದು ಮಾತ್ರ.

ಬೈಯುವ ಮೊದಲು ಮಗುವಿನ ಪಕ್ಕ ಅರ್ಧ ಗಂಟೆ ಕೂತು ಆಟ ನೋಡಿ. ‘ಎಲ್ಲಿವರೆಗೆ ಸುಲಭ ಇತ್ತು? ಎಲ್ಲಿ ಸಿಕ್ಕಿಬಿದ್ದೆ? ಅಲ್ಲಿ ಏನು ತಗೋ ಅಂತ ತೋರಿಸ್ತು?’ ಅಂತ ಕೇಳಿ. ಮೇಲವಂಕಿಯಲ್ಲಿ ನಾವು ಮಾಡಿದ್ದು ಇದನ್ನೇ. ಹುಡುಗ ತಾನೇ ನೋಟ್‌ಬುಕ್ಕಿನ ಹಿಂದೆ ಪ್ರತಿ ಖರೀದಿ ಬರೆದು, ಯಾವ ಲೆವೆಲ್ಲಿನಲ್ಲಿ ಅಂತ ಎದುರಿಗೆ ಹಾಕಿದ. ಮೂರು ಕಡೆ ಗುಂಪು ಗುಂಪಾಗಿ ಖರ್ಚು ಬಿದ್ದಿತ್ತು. ‘ಇಲ್ಲೆಲ್ಲ ಬೇಕಂತs ಸೋಲಸ್ಯಾರ’ ಅಂದ. ಮೋಸ ಹೋದೆ ಎನ್ನುವ ಸಿಟ್ಟು ಅವನಿಗೇ ಬಂದದ್ದು ನಮ್ಮ ಹತ್ತು ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡಿತು. ವೈನಿಯ ಹೊಲಿಗೆ ಮಷೀನ್ ಮಾತ್ರ ದೀಪಾವಳಿಯ ಆಚೆಗೆ ಹೋಯಿತು.

ಹೊಸ ಆಟ ಹಾಕಿಕೊಡುವ ಮುಂಚೆ ಪ್ಲೇಸ್ಟೋರ್ ಪುಟದಲ್ಲಿ ‘ಇನ್-ಆ್ಯಪ್ ಪರ್ಚೇಸಸ್’ ಅಂತ ಇದೆಯಾ ನೋಡಿ. ಇದ್ದರೆ ಒಳಗೆ ಅಂಗಡಿ ಇದೆ ಎಂದೇ ಅರ್ಥ. ಅದೇ ಪ್ಲೇಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಕೊಳ್ಳಿ. ಯುಪಿಐ ಪಿನ್ ಈಗಲೇ ಬದಲಾಯಿಸಿ, ಹೊಸದನ್ನು ನೀವೇ ಒತ್ತಿ, ಮಗನ ಕೈಯಲ್ಲಿ ಒತ್ತಿಸಬೇಡಿ. ಪೇಮೆಂಟ್ ಆ್ಯಪಿನಲ್ಲಿ ‘ಆಟೋಪೇ’ ಎಂಬ ಕಡೆ ಹೋಗಿ, ಗೊತ್ತಿಲ್ಲದ ಹೆಸರು ಕಂಡರೆ ರದ್ದು ಮಾಡಿ. ಉಳಿತಾಯದ ಖಾತೆಗೆ ಯುಪಿಐ ಜೋಡಿಸದೆ, ಮನೆಖರ್ಚಿನ ಸಣ್ಣ ಖಾತೆಗಷ್ಟೇ ಜೋಡಿಸಿದರೆ ಹೋದರೂ ಹೋಗುವುದು ಸಣ್ಣದು. ಕೈತಪ್ಪಿ ಖರೀದಿಯಾಗಿದೆ ಅಂತ ಗೊತ್ತಾದರೆ 48 ಗಂಟೆಯೊಳಗೆ ಗೂಗಲ್ ಪ್ಲೇಯಲ್ಲಿ ರಿಫಂಡ್ ಕೇಳಿ. ತಡವಾದಷ್ಟೂ ಕಷ್ಟ. ಪೂರ್ತಿ ಬೇಡ ಅನ್ನಲು ಮನಸ್ಸಿಲ್ಲದಿದ್ದರೆ ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ಗೊತ್ತು ಮಾಡಿ, ಮುಗಿದರೆ ಮುಂದಿನ ತಿಂಗಳು.

ಇದೆಲ್ಲ ಮಾಡಿದ ಮೇಲೂ ಮಗು ಊಟ, ನಿದ್ದೆ, ಶಾಲೆ ಬಿಟ್ಟು ಆಟಕ್ಕೇ ಅಂಟಿದ್ದರೆ, ನಿಲ್ಲಿಸಬೇಕು ಅಂದರೂ ನಿಲ್ಲಿಸಲಾಗದಿದ್ದರೆ ಅದು ಹಟ ಅಲ್ಲ. ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೇ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ ‘ಶಟ್’ ಎಂಬ ಕ್ಲಿನಿಕ್ ಶುರು ಮಾಡಿತು. ಅಷ್ಟು ದೂರ ಹೋಗಲಾಗದವರು 14416ಕ್ಕೆ ಫೋನ್ ಮಾಡಬಹುದು. ಇದು ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.