ಸಂತೆಯೂ ಕಣಜವೂ: ಅಂತರ್ಜಾಲದ ಪ್ರಕಟಣವೇದಿಕೆಗಳನ್ನು ಬರೆಹಗಾರರು ನಂಬಬಹುದೆ?

ಈಗಿನ ಕಾಲದಲ್ಲಿ ಬರೆಯುವವರಿಲ್ಲದ ಮನೆಯೇ ವಿರಳವೆನ್ನಬಹುದು. ಮಧ್ಯಾಹ್ನದ ಊಟದ ಕೆಲಸ ತೀರಿಸಿಕೊಂಡು ಧಾರಾವಾಹಿಯ ಒಂದೊಂದು ಅಧ್ಯಾಯವನ್ನು ಮೊಬೈಲಿನಲ್ಲಿಯೇ ಬರೆದು ಮುಗಿಸುವ ಗೃಹಿಣಿಯರುಂಟು. ಕಾಲೇಜಿನಿಂದ ಬಂದೊಡನೆಯೆ ಕವಿತೆ ಬರೆಯಲು ಕುಳಿತುಕೊಳ್ಳುವ ಮಕ್ಕಳುಂಟು. ನಮ್ಮಂತೆ ಉದ್ಯೋಗದಿಂದ ನಿವೃತ್ತರಾಗಿ, ಹೇಳತಕ್ಕದ್ದು ಇನ್ನೂ ಉಳಿದಿದೆಯೆಂದು ತಿಳಿದುಕೊಂಡಿರುವ ಹಿರಿಯರೂ ಉಂಟು. ಇವರಲ್ಲಿ ಹೆಚ್ಚಿನವರ ಬೆನ್ನಿಗೆ ಪ್ರಕಾಶಕನೂ ಇಲ್ಲ, ಪತ್ರಿಕೆಯೂ ಇಲ್ಲ. ಅವರು ತಮ್ಮ ಬರೆಹಗಳನ್ನು ಅಂತರ್ಜಾಲದ ಯಾವುದಾದರೊಂದು ಪ್ರಕಟಣವೇದಿಕೆಯಲ್ಲಿ ತಾವೇ ಇರಿಸುವರು. ಇರಿಸಿದ ಮೇಲೆ ಅವು ಅಲ್ಲಿ ಇದ್ದೇ ಇರುವುವೆಂದು ನೆಮ್ಮದಿಯಿಂದಿರುವರು. ಈ ನೆಮ್ಮದಿಗೆ ಆಧಾರವುಂಟೆ ಎಂಬುದನ್ನು ವಾಚಕರೊಡನೆ ಸ್ವಲ್ಪ ವಿಚಾರಮಾಡಬೇಕೆಂದು ನಮಗೆ ತೋರಿದೆ.

ನಮ್ಮ ಅನುಭವವನ್ನೇ ಮೊದಲು ಹೇಳುವೆವು. ನಮ್ಮ ತಾಯಿಯವರು ಮಲೆನಾಡಿನ ತುಂಬಿದ ಮನೆಯಲ್ಲಿ ಹುಟ್ಟಿ ಬೆಳೆದವರು. ಶಾಲೆಗೆ ಹೋದವರಲ್ಲ, ಆದರೂ ಅವರ ಬಾಯಲ್ಲಿದ್ದ ಎಷ್ಟೋ ಮಾತುಗಳು ನಾವು ಬಳಸುವ ನಿಘಂಟುಗಳಲ್ಲಿ ದೊರೆಯುತ್ತಿರಲಿಲ್ಲ. ಮಳೆಯ ಒಂದೊಂದು ಬಗೆಗೆ ಒಂದೊಂದು ಹೆಸರು, ಸಿದ್ದೆ ಕೊಳಗ ಖಂಡುಗಗಳ ಲೆಕ್ಕ, ಬಾಣಂತಿಯ ಪಥ್ಯ, ಹಪ್ಪಳದ ಹಿಟ್ಟಿನ ಹದ, ಇವೆಲ್ಲ ಅವರಿಗೆ ಕಂಠಪಾಠ. ಅವರ ಕೊನೆಯ ವರ್ಷಗಳಲ್ಲಿ ಸಂಜೆಯ ದೀಪ ಹಚ್ಚಿದ ಮೇಲೆ ಅವರ ಬಳಿ ಕುಳಿತು, ಅವರು ಹೇಳಿದುದನ್ನು ಕೇಳಿ, ವಾರಕ್ಕೊಂದು ಲೇಖನದಂತೆ ಒಂದು ಜಾಲತಾಣದಲ್ಲಿ ನೇರವಾಗಿ ಬರೆಯುತ್ತ ಬಂದೆವು. ಕಾಗದದ ಖರ್ಚಿಲ್ಲ, ಅಂಚೆಯ ಖರ್ಚಿಲ್ಲ. ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರೊಬ್ಬರು ಓದಿ ಸಂತೋಷಪಟ್ಟು ಬರೆದುದನ್ನು ತಿಳಿಸಿದಾಗ ತಾಯಿಯವರು, "ಅಷ್ಟು ದೂರ ನನ್ನ ಮಾತು ಹೋಯಿತೇನೋ ಮಗೂ?" ಎಂದು ಕೇಳಿ ನಕ್ಕರು. ಹೀಗೆ ೧೧೨ ಲೇಖನಗಳಾದುವು. ಆಮೇಲೆ ತಾಯಿಯವರು ತೀರಿಕೊಂಡರು. ಬರೆಯುವ ಮನಸ್ಸಿಲ್ಲದೆ ನಾವು ಬಹುಕಾಲ ಆ ಕಡೆಗೆ ನೋಡಲಿಲ್ಲ.

ವರ್ಷಾಬ್ದಿಕಕ್ಕೆ ಚಿಕ್ಕಮ್ಮನವರು ಬಂದಿದ್ದರು. ಮೊಬೈಲಿನ ಸಣ್ಣ ಅಕ್ಷರಗಳು ಅವರ ಕಣ್ಣಿಗೆ ಕಾಣುವುದಿಲ್ಲವೆಂದು ನಮ್ಮ ಸೊಸೆಯು ಮೊದಲ ೪೧ ಲೇಖನಗಳನ್ನು ದಪ್ಪ ಅಕ್ಷರಗಳಲ್ಲಿ ಅಚ್ಚುಮಾಡಿಸಿ, ದಾರದಿಂದ ಹೊಲಿದು, ಹಿಂದೆಯೇ ಅವರಿಗೆ ಕೊಟ್ಟಿದ್ದಳು. "ಅಕ್ಕ ಹೇಳಿದ್ದರಲ್ಲಿ ಮುಂದಿನದನ್ನೂ ಕೊಡೋ" ಎಂದರು ಚಿಕ್ಕಮ್ಮ. ನಾವು ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ವೇದಿಕೆಯನ್ನು ನಡೆಯಿಸುತ್ತಿದ್ದವರು ಅದನ್ನು ಮುಚ್ಚಿಬಿಟ್ಟಿದ್ದರು. ಮೂರು ತಿಂಗಳು ಮುಂಚಿತವಾಗಿ ಅವರು ಸೂಚನೆಯನ್ನೂ ಕಳುಹಿಸಿದ್ದರು. ಆ ಸೂಚನೆಯು ನಾವು ಶಾಲೆಯಲ್ಲಿದ್ದಾಗ ಉಪಯೋಗಿಸುತ್ತಿದ್ದು ಈಚೆಗೆ ತೆರೆಯದೆಯೆ ಬಿಟ್ಟಿದ್ದ ಇ-ಮೇಲಿಗೆ ಬಂದು ಬಿದ್ದಿತ್ತು. ೭೧ ಲೇಖನಗಳು ಹೋದುವು. ಅವುಗಳ ಕರಡು ನಮ್ಮಲ್ಲಿರಲಿಲ್ಲ, ಹೇಳಿದವರೂ ಇರಲಿಲ್ಲ. ಆ ಸಂಸ್ಥೆಯನ್ನು ದೂರುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ನಲವತ್ತು ವರ್ಷ ಮಕ್ಕಳಿಗೆ "ಬರೆದುದನ್ನು ಜೋಪಾನಮಾಡಿ" ಎಂದು ಹೇಳಿದ ಉಪಾಧ್ಯಾಯರಾದ ನಾವೇ ಜೋಪಾನಮಾಡಲಿಲ್ಲವೆಂಬುದು ನಮ್ಮ ಮುಖ್ಯವಾದ ದುಃಖ.

ಆದರೆ ಶಾಸ್ತ್ರಕಾರರ ಕ್ರಮದಂತೆ ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳದೆ ಸಿದ್ಧಾಂತಕ್ಕೆ ಹೋಗುವುದು ಸರಿಯಲ್ಲ. ಈ ವೇದಿಕೆಗಳಿಂದ ಆಗಿರುವ ಉಪಕಾರವು ಅಲ್ಪವಲ್ಲ. ಗಳಗನಾಥರು (೧೮೬೯–೧೯೪೨) ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದ ಸಂಗತಿಯನ್ನು ಕನ್ನಡಿಗರಲ್ಲಿ ಅರಿಯದವರಾರು? ಅಂಥ ಶ್ರಮವಿಲ್ಲದೆ ಇಂದು ಹಳ್ಳಿಯ ಹೆಣ್ಣುಮಗಳ ಕಥೆಯು ಕ್ಷಣಾರ್ಧದಲ್ಲಿ ಸಮುದ್ರದಾಚೆಗೆ ತಲಪುವುದು. ಬೆಂಗಳೂರಿನಲ್ಲಿ ೨೦೧೪ರಲ್ಲಿ ಪ್ರಾರಂಭವಾದ 'ಪ್ರತಿಲಿಪಿ'ಯು ಕನ್ನಡವೂ ಸೇರಿದಂತೆ ಅನೇಕ ಭಾರತೀಯ ಭಾಷೆಗಳ ಹೊಸ ಲೇಖಕರಿಗೆ ಸ್ಥಳ ಕೊಟ್ಟಿದೆ. ೧೯೯೯ರಲ್ಲಿ ಹುಟ್ಟಿ ೨೦೦೩ರಲ್ಲಿ ಗೂಗಲ್ ಸಂಸ್ಥೆಯ ಕೈಸೇರಿದ 'ಬ್ಲಾಗರ್' ಬಿಡಿಕಾಸನ್ನೂ ಕೇಳದೆ ಎಷ್ಟೋ ಕನ್ನಡ ಲೇಖಕರ ಬರೆಹಗಳನ್ನು ಹೊತ್ತಿದೆ. ಸಂಪಾದಕರ ಮರ್ಜಿಗಾಗಿ ಕಾಯಬೇಕಾಗಿಲ್ಲ. ತಿರಸ್ಕೃತ ಲೇಖನವು ಅಂಚೆಯಲ್ಲಿ ಹಿಂದಿರುಗುವ ಅವಮಾನವಿಲ್ಲ. ಇಷ್ಟು ಅನುಕೂಲವಿರುವಾಗ ಅನುಮಾನವೇಕೆ ಎಂದು ಕೇಳುವವರ ಮಾತನ್ನು ತಳ್ಳಿಹಾಕಲಾಗದು.

ಅನುಮಾನಕ್ಕೆ ಕಾರಣವು ಇತಿಹಾಸದಲ್ಲಿದೆ. ೧೯೯೪ರಲ್ಲಿ ಅಮೆರಿಕದಲ್ಲಿ ಮೊದಲಾದ 'ಜಿಯೋಸಿಟೀಸ್' ಎಂಬ ತಾಣದಲ್ಲಿ ಲಕ್ಷಾಂತರ ಜನರು ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದರು. ೧೯೯೯ರಲ್ಲಿ ಯಾಹೂ ಸಂಸ್ಥೆಯು ಅದನ್ನು ಕೊಂಡಿತು. ೨೦೦೯ರ ಅಕ್ಟೋಬರಿನಲ್ಲಿ ಮುಚ್ಚಿತು. ಉಳಿದಷ್ಟು ಭಾಗವು ಉಳಿದುದು ಕೆಲವು ಸ್ವಯಂಸೇವಕರೂ 'ಇಂಟರ್‌ನೆಟ್ ಆರ್ಕೈವ್' ಎಂಬ ಧರ್ಮಾರ್ಥ ಸಂಸ್ಥೆಯೂ ಗಡುವಿನೊಳಗೆ ಪ್ರತಿಮಾಡಿಕೊಂಡುದರಿಂದ. 'ಪೋಸ್ಟರಸ್' ಎಂಬ ಇನ್ನೊಂದು ವೇದಿಕೆಯು ೨೦೦೮ರಲ್ಲಿ ಹುಟ್ಟಿತು. ೨೦೧೨ರಲ್ಲಿ ಟ್ವಿಟರ್ ಸಂಸ್ಥೆಗೆ ಮಾರಾಟವಾಗಿ ೨೦೧೩ರಲ್ಲಿ ಕಣ್ಮುಚ್ಚಿತು. 'ಮೈಸ್ಪೇಸ್' ತಾಣವು ಮುಚ್ಚಿರಲಿಲ್ಲ. ಆದರೂ ೨೦೧೫ರವರೆಗೆ ಜನರು ಅಲ್ಲಿರಿಸಿದ್ದ ಹಾಡುಗಳೂ ಚಿತ್ರಗಳೂ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವಾಗ ನಷ್ಟವಾದುವೆಂದು ೨೦೧೯ರಲ್ಲಿ ಒಪ್ಪಿಕೊಂಡಿತು. ಇವೆಲ್ಲ ಬಡ ಸಂಸ್ಥೆಗಳಲ್ಲ, ದುಷ್ಟ ಸಂಸ್ಥೆಗಳೂ ಅಲ್ಲ. ಲಾಭ ಕಂಡಾಗ ತೆರೆದರು, ಕಾಣದಾಗ ಮುಚ್ಚಿದರು. ವ್ಯಾಪಾರಿಯ ಧರ್ಮವೇ ಅದು.

ಮಾರಿದ ಪುಸ್ತಕವೂ ಹಿಂದಕ್ಕೆ ಹೋಗಬಹುದೆಂಬುದಕ್ಕೆ ೨೦೦೯ರ ಜುಲೈ ತಿಂಗಳ ಸಂಗತಿಯು ಸಾಕ್ಷಿ. ಜಾರ್ಜ್ ಆರ್ವೆಲ್ಲನ ಎರಡು ಕಾದಂಬರಿಗಳ ಪ್ರತಿಗಳನ್ನು, ಅವುಗಳನ್ನು ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಅಮೆಜಾನ್ ಸಂಸ್ಥೆಯು ಕೊಂಡವರ ಕಿಂಡಲ್ ಯಂತ್ರಗಳಿಂದ ದೂರದಲ್ಲಿದ್ದುಕೊಂಡೇ ಅಳಿಸಿಹಾಕಿತು. ಹಣವನ್ನು ಹಿಂದಿರುಗಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಆದರೆ ಮನೆಯ ಕಪಾಟಿನಲ್ಲಿರುವ ಪುಸ್ತಕವನ್ನು ಅಂಗಡಿಯವನು ರಾತ್ರೋರಾತ್ರಿ ಎತ್ತಿಕೊಂಡು ಹೋಗಲಾರನು. ಮುದ್ರಿತ ಪುಸ್ತಕಕ್ಕೆ ಮತ್ತೊಂದು ರಕ್ಷೆಯೂ ಉಂಟು. ೧೯೫೪ರ ಶಾಸನದಂತೆ ಭಾರತದಲ್ಲಿ ಪ್ರಕಟವಾದ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕನು ಕೋಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಕಳುಹಿಸತಕ್ಕದ್ದು. ಜಾಲತಾಣದಲ್ಲಿ ಮಾತ್ರ ಇರುವ ನಮ್ಮ ನಿಮ್ಮ ಲೇಖನವನ್ನು ಹಾಗೆ ಕಾದಿಡುವವರು ಯಾರು?

ಇಲ್ಲಿ ನಮ್ಮ ಪ್ರಾಚೀನರು ಮಾಡಿದ ಒಂದು ವಿವೇಚನೆಯು ನೆನಪಿಗೆ ಬರುವುದು. ಧರ್ಮಶಾಸ್ತ್ರದಲ್ಲಿ ನಿಕ್ಷೇಪವೆಂದರೆ ನಂಬಿಕೆಯಿಂದ ಇನ್ನೊಬ್ಬನ ಬಳಿ ಇರಿಸಿದ ಒಡವೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನದಲ್ಲಿ ಈ ವಿಷಯವು ವಿಸ್ತಾರವಾಗಿ ಬಂದಿದೆ. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಆ ಒಡವೆ ಹೋದರೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಒಡೆಯನ ಅನುಮತಿಯಿಲ್ಲದೆ ಅದನ್ನು ತನ್ನ ಲಾಭಕ್ಕಾಗಿ ಬಳಸಿದರೆ ಅವನು ದಂಡಾರ್ಹನು. ವಸ್ತುವನ್ನು ಬಡ್ಡಿಸಮೇತ ಹಿಂದಿರುಗಿಸಬೇಕು. ವೇದಿಕೆಗಳ ಒಡಂಬಡಿಕೆಯು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿರುವುದು. ನಮ್ಮ ಬರೆಹವನ್ನು ಅವರು ಬಳಸಬಹುದು, ಅದರ ಪಕ್ಕದಲ್ಲಿ ಜಾಹೀರಾತು ಹಾಕಬಹುದು, ಇಷ್ಟವಿಲ್ಲದಿದ್ದರೆ ತೆಗೆಯಬಹುದು, ನಿಯಮಗಳನ್ನು ಬದಲಾಯಿಸಬಹುದು; ಕಾಪಾಡುವ ಹೊಣೆ ಮಾತ್ರ ಅವರಿಗಿಲ್ಲ. ಇದಕ್ಕೆಲ್ಲ ಅನುಮತಿ ಕೊಟ್ಟವರೂ ನಾವೇ; ಉದ್ದವಾದ ಆ ಪತ್ರವನ್ನು ಓದದೆ "ಒಪ್ಪಿದೆ" ಎಂಬಲ್ಲಿ ಬೆರಳೊತ್ತಿದವರು ನಾವಲ್ಲವೆ? ಆದುದರಿಂದ ವೇದಿಕೆಯಲ್ಲಿ ಇರಿಸಿದ ಬರೆಹವು ನಿಕ್ಷೇಪವಲ್ಲ.

ಹಾಗಾದರೆ ಅದು ಏನು? ಸಂತೆಗೆ ಕೊಂಡೊಯ್ದ ಸರಕು. ರೈತನು ಸಂತೆಯನ್ನು ನಂಬುವನು. ಅಲ್ಲಿ ಜನ ಸೇರುವರು, ತನ್ನ ಧಾನ್ಯಕ್ಕೆ ಗಿರಾಕಿ ದೊರೆಯುವನು ಎಂಬಷ್ಟು ಮಟ್ಟಿಗೆ ನಂಬುವನು. ಆದರೆ ವರ್ಷದ ಬೆಳೆಯನ್ನೆಲ್ಲ ಸಂತೆಯ ಮಾಳದಲ್ಲಿ ಸುರಿದು ಮನೆಗೆ ಬಂದು ಮಲಗುವ ರೈತನನ್ನು ನಾವು ಕಂಡಿಲ್ಲ. ಕಣಜವು ಮನೆಯಲ್ಲಿರುವುದು, ಬಿತ್ತನೆಯ ಬೀಜವಂತೂ ಸಂತೆಯ ದಾರಿಯನ್ನೇ ಕಾಣದು. ಸಂತೆ ಒಂದೂರಿನಲ್ಲಿ ನಿಂತರೆ ಇನ್ನೊಂದೂರಿಗೆ ಹೋದರಾಯಿತು. ಕಣಜ ಬರಿದಾದರೆ ಮಾತ್ರ ಕೇಡು. ವೇದಿಕೆಯನ್ನು ಸಂತೆಯೆಂದು ನಂಬಬಹುದು, ಕಣಜವೆಂದು ನಂಬಕೂಡದು: ಇದೇ ನಮ್ಮ ಸಿದ್ಧಾಂತ.

ಕಣಜವನ್ನು ಕಟ್ಟುವ ಬಗೆಯನ್ನೂ ಹೇಳಬೇಕು. ಮೊದಲನೆಯದಾಗಿ, ಬರೆಯುವುದು ಮನೆಯಲ್ಲಿ, ಪ್ರಕಟಿಸುವುದು ವೇದಿಕೆಯಲ್ಲಿ ಎಂಬ ಕ್ರಮವಿರಲಿ. ನೇರವಾಗಿ ವೇದಿಕೆಯ ಮೇಲೆ ಬರೆದ ನಮ್ಮ ತಪ್ಪನ್ನು ಮಾಡಬೇಡಿರಿ. 'ಪ್ರತಿಲಿಪಿ' ಎಂಬ ಶಬ್ದದ ಅರ್ಥವೇ ನಕಲು. ಆ ಹೆಸರನ್ನು ಕಂಡಾಗಲೆಲ್ಲ ಮನೆಯಲ್ಲಿ ಒಂದು ಪ್ರತಿಯುಂಟೆ ಎಂದು ಕೇಳಿಕೊಂಡರೆ ಸಾಕು. ಬ್ಲಾಗರ್ ಮತ್ತು ವರ್ಡ್‌ಪ್ರೆಸ್‌ಗಳಲ್ಲಿ ಲೇಖಕನು ತನ್ನ ಬರೆಹಗಳನ್ನೆಲ್ಲ ಒಟ್ಟಾಗಿ ಇಳಿಸಿಕೊಳ್ಳುವ ಅನುಕೂಲವುಂಟು. ಅಂಥ ಅನುಕೂಲವಿಲ್ಲದ ವೇದಿಕೆಗೆ ಸೇರುವ ಮೊದಲು ಎರಡು ಸಲ ಯೋಚಿಸಿರಿ. ಎರಡನೆಯದಾಗಿ, ಹಳೆಯ ಬರಹ, ನುಡಿ ತಂತ್ರಾಂಶಗಳ ಅಕ್ಷರವಿನ್ಯಾಸದಲ್ಲಿ ಬರೆದುದು ಅದೇ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುವುದು. ಅಂಥವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿರಿ. ಮೂರನೆಯದಾಗಿ, ಮುಖ್ಯವಾದುದನ್ನು ಕಾಗದದ ಮೇಲೆ ಮುದ್ರಿಸಿ ಇಡಿರಿ. ಪೆನ್‌ಡ್ರೈವಿನ ಪ್ರತಿಯು ಬೇರೊಂದು ಮನೆಯಲ್ಲಿಯೂ ಇರಲಿ. ನಾಲ್ಕನೆಯದಾಗಿ, ಇ-ಮೇಲನ್ನೂ ಪಾಸ್‌ವರ್ಡನ್ನೂ ಮನೆಯ ಇನ್ನೊಬ್ಬರಿಗೆ ತಿಳಿಸಿರಿ. ಬರೆಯುವವರು ಶಾಶ್ವತರಲ್ಲ.

ಹಕ್ಕಿನ ವಿಷಯದಲ್ಲಿಯೂ ಎಚ್ಚರವು ಬೇಕು. ೧೯೫೭ರ ಕೃತಿಸ್ವಾಮ್ಯ ಶಾಸನದಂತೆ ಸ್ವಂತವಾಗಿ ಬರೆದುದರ ಹಕ್ಕು ಬರೆದ ಕ್ಷಣದಿಂದಲೇ ಲೇಖಕನದು, ನೋಂದಾಯಿಸಲೇಬೇಕೆಂಬ ನಿಯಮವಿಲ್ಲ. ಅವನ ಜೀವಮಾನವೂ ಆಮೇಲಿನ ೬೦ ವರ್ಷಗಳೂ ಅದು ಸಲ್ಲುವುದು. ಪ್ರಕಟಿಸಲು ಅನುಮತಿ ಕೊಡುವುದು ಬೇರೆ, ಹಕ್ಕನ್ನೇ ವರ್ಗಾಯಿಸುವುದು ಬೇರೆ. ವರ್ಗಾವಣೆಗೆ ಸಹಿಮಾಡಿದ ಲಿಖಿತ ಪತ್ರವಿರಬೇಕು. ಅವಧಿಯನ್ನು ಹೇಳದಿದ್ದರೆ ಅದನ್ನು ೫ ವರ್ಷವೆಂದು ಭಾವಿಸತಕ್ಕದ್ದು. ತಮ್ಮಲ್ಲಿ ಹೊರತು ಮತ್ತೆಲ್ಲಿಯೂ ಕೊಡಕೂಡದೆಂಬ ಷರತ್ತು ಎಷ್ಟು ಕಾಲದವರೆಗೆ ಎಂಬುದನ್ನೂ ನೋಡಿರಿ. ಅಮೆಜಾನಿನ 'ಕೆ.ಡಿ.ಪಿ. ಸೆಲೆಕ್ಟ್' ಯೋಜನೆಗೆ ಸೇರಿಸಿದ ಇ-ಪುಸ್ತಕಕ್ಕೆ ಈ ಕಟ್ಟು ೯೦ ದಿನಗಳದು. ಅವಧಿ ಮುಗಿದ ಮೇಲೆ ಲೇಖಕನು ಹೊರಗೆ ಬರಬಹುದು. ಎಲ್ಲ ಕಡೆಯಲ್ಲಿಯೂ ಬಾಗಿಲು ಇಷ್ಟು ಸುಲಭವಾಗಿ ತೆರೆಯದು. ಕಥೆಯು ಚಲನಚಿತ್ರವಾಗುವ ಹಕ್ಕು, ಭಾಷಾಂತರದ ಹಕ್ಕು ಇವನ್ನು ಮೊದಲ ಸಂತೋಷದಲ್ಲಿ ಯಾರೂ ಬಿಟ್ಟುಕೊಡಬಾರದು.

ಓಲೆಗರಿಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಎಣ್ಣೆ, ನೀರು, ಸಡಿಲವಾದ ಕಟ್ಟು ಇವುಗಳಿಂದ ಗ್ರಂಥವನ್ನು ಕಾಪಾಡಬೇಕೆಂದು ಬೇಡಿಕೊಳ್ಳುವುದುಂಟು. ಬಹುಕಾಲ ಇತರರ ಉಲ್ಲೇಖಗಳಿಂದಲೇ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಕೊಟ್ಟ ಓಲೆಗಳಲ್ಲಿತ್ತು, ಆರ್. ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಅದನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಮಾಡಿಸಿದರು. ತಲೆಮಾರಿನಿಂದ ತಲೆಮಾರಿಗೆ ಯಾರೋ ಪ್ರತಿಮಾಡುತ್ತ ಬಂದುದರಿಂದ ಅದು ಉಳಿಯಿತು. ಓಲೆಗಿಂತ ಗಟ್ಟಿಯೆಂದು ನಾವು ತಿಳಿದಿರುವ ಈ ಹೊಸ ಸಾಧನಕ್ಕೂ ಅದೇ ನಿಯಮವು.

ನಾವು ಮತ್ತೆ ಬರೆಯಲು ತೊಡಗಿದ್ದೇವೆ. ಅಂತರ್ಜಾಲದಲ್ಲಿಯೇ ಪ್ರಕಟಿಸುತ್ತಲೂ ಇದ್ದೇವೆ. ಈಗ ಹೇಳುವವರು ಚಿಕ್ಕಮ್ಮ. ಅಕ್ಕನ ಮಾತುಗಳಲ್ಲಿ ಅವರಿಗೆ ನೆನಪಿರುವುದು ಎಲ್ಲವೂ ಅಲ್ಲ. ಕೆಲವಕ್ಕೆ "ಅದು ಅಕ್ಕನಿಗೇ ಗೊತ್ತಿತ್ತು" ಎಂದು ಸುಮ್ಮನಾಗುವರು. ಪ್ರತಿ ತಿಂಗಳ ಮೊದಲ ಭಾನುವಾರ ಸೊಸೆಯು, "ಮಾವ, ಈ ತಿಂಗಳದ್ದು ಅಚ್ಚಾಯಿತೆ?" ಎಂದು ಕೇಳುವಳು. ಹಾಳೆಗಳನ್ನು ಹೊಲಿದು ಒಂದು ಪ್ರತಿಯನ್ನು ನಮ್ಮ ಪೆಟ್ಟಿಗೆಯಲ್ಲಿಟ್ಟು, ಇನ್ನೊಂದನ್ನು ಚಿಕ್ಕಮ್ಮನವರ ಮನೆಗೆ ಕಳುಹಿಸುವೆವು. ವಾಚಕರ ಮನೆಗಳಲ್ಲಿಯೂ ಬರೆಯುವವರಿದ್ದರೆ, ಅವರ ಬರೆಹದ ಪ್ರತಿಯು ಮನೆಯಲ್ಲಿ ಎಲ್ಲಿದೆಯೆಂದು ಈ ಹೊತ್ತೇ ವಿಚಾರಿಸಬೇಕೆಂದು ಪ್ರಾರ್ಥಿಸುವೆವು.